ಹಳೆಯ ಬೈಕಿನ ಕಾರ್ಬುರೇಟರ್: ಪ್ಯಾಕಿಂಗ್ ಬದಲಿಸಿದರೂ ಪೆಟ್ರೋಲ್ ಸೋರುವುದು ನಿಂತಿಲ್ಲ

ಪ್ರಶ್ನೆ (ಪೆರ್ಲದಿಂದ)

ಮಾನ್ಯರೇ, ನಮ್ಮ ಮನೆಯಲ್ಲಿ 2003ರ ಮಾದರಿಯ, ನಾಲ್ಕು ಸ್ಟ್ರೋಕಿನ 100 ಸಿಸಿ ಬೈಕೊಂದಿದೆ. ಗಡಿಯಾಚೆ ಕರ್ನಾಟಕದಲ್ಲಿ ಪೆಟ್ರೋಲಿಗೆ ನಾಲ್ಕು ಕಾಸು ಕಡಿಮೆಯೆಂದು ಸಾರಡ್ಕ ದಾಟಿ ಹೋಗಿ ಟ್ಯಾಂಕ್ ತುಂಬಿಸಿಕೊಂಡು ಬಂದು, ಮಳೆ ಹಿಡಿದ ಮೇಲೆ ಬಚ್ಚಲು ಕೊಟ್ಟಗೆಯ ಪಕ್ಕದ ಮಾಡಿನಡಿ ನಿಲ್ಲಿಸಿದ್ದೆವು. ಮೂರು ತಿಂಗಳ ಬಳಿಕ ನೋಡಿದರೆ ಕಾರ್ಬುರೇಟರಿನ ಕೆಳಗೆ ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು. ಮೆಕ್ಯಾನಿಕ್ ಕಾರ್ಬುರೇಟರಿನಡಿಯ, ಪೆಟ್ರೋಲ್ ನಿಲ್ಲುವ ಬಟ್ಟಲಿನ ಪ್ಯಾಕಿಂಗ್ ಬದಲಿಸಿಕೊಟ್ಟರೂ ಎರಡೇ ದಿನದಲ್ಲಿ ಮತ್ತೆ ಶುರುವಾಯಿತು. ಈಗ ಕಾರ್ಬುರೇಟರನ್ನೇ ಬದಲಿಸಬೇಕೆನ್ನುತ್ತಾರೆ. ಅದಕ್ಕೆ ಮೊದಲು ನಾನೇ ಪರೀಕ್ಷಿಸಬಹುದಾದದ್ದು ಏನಾದರೂ ಇದೆಯೇ?

ಉತ್ತರ (ಮುಳ್ಳೇರಿಯದಿಂದ)

ಟ್ಯಾಂಕಿನಡಿಯ ಪೆಟ್ರೋಲ್ ಕಾಕಿನ (ನಲ್ಲಿಯ) ಒಳಗಿನ ರಬ್ಬರ್ ಹೋಗಿರಬಹುದು. ನನ್ನ ಬೈಕಿನಲ್ಲಿ ಅದೇ ಆಗಿತ್ತು.

ಉತ್ತರ (ಉಪ್ಪಳದಿಂದ)

ಕಾಕ್ ಕೆಟ್ಟಿರಲೂಬಹುದು, ಆದರೆ ಕಾಕ್ ಮಾತ್ರ ಕೆಟ್ಟರೆ ಕಾರ್ಬುರೇಟರಿನ ಕೆಳಗೆ ಸೋರುವುದಿಲ್ಲ. ಬಟ್ಟಲು ತುಂಬಿದೊಡನೆ ಅದರೊಳಗೆ ತೇಲುವ ಫ್ಲೋಟ್ ಮೇಲೆದ್ದು ನೀಡಲೆಂಬ ಮೊನೆಯುಳ್ಳ ಸಣ್ಣ ಕಡ್ಡಿಯನ್ನು ಒತ್ತಿ ಪೆಟ್ರೋಲಿನ ದಾರಿಯನ್ನು ಮುಚ್ಚಬೇಕು. ಕಾಕ್ ತೆರೆದೇ ಇದ್ದರೂ ಅಲ್ಲಿಗೆ ನಿಲ್ಲಬೇಕು. ಕಾಕ್ ಮುಚ್ಚಿದ ಮೇಲೂ ರಾತ್ರಿಯಿಡೀ ಸೋರುತ್ತಿದ್ದರೆ ಎರಡೂ ಕೆಟ್ಟಿವೆ ಎಂದೇ ಅರ್ಥ.

ಮೊದಲ ಕೆಲಸ, ಬೈಕನ್ನು ಬಚ್ಚಲ ಒಲೆಯ ಹತ್ತಿರದಿಂದ ಅಂಗಳಕ್ಕೆ ತನ್ನಿರಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದ್ದರಿಂದ ನೆಲದ ಮೇಲೆಯೇ ಹರಿದು ಕೆಂಡವನ್ನು ತಲುಪೀತು. ಬಳಿಕ ನಡುಸ್ಟ್ಯಾಂಡಿನಲ್ಲಿ ನೇರವಾಗಿ ನಿಲ್ಲಿಸಿ, ಕಾರ್ಬುರೇಟರನ್ನು ಬಟ್ಟೆಯಿಂದ ಒರೆಸಿ ಒಣಗಿಸಿ, ಕಾಕ್ ತೆರೆದು ಹನಿ ಎಲ್ಲಿಂದ ಹೊರಡುತ್ತದೆಂದು ಕಣ್ಣಾರೆ ನೋಡಿರಿ. ಬಟ್ಟಲಿನ ಸಂದಿಯಿಂದಾದರೆ ಪ್ಯಾಕಿಂಗ್, ಹೆಚ್ಚಾದ ಪೆಟ್ರೋಲನ್ನು ಹೊರಬಿಡುವ ಓವರ್‌ಫ್ಲೋ ಕೊಳವೆಯಿಂದಾದರೆ ಫ್ಲೋಟ್ ಅಥವಾ ನೀಡಲ್. ಇದನ್ನು ನೋಡದೆ ಪ್ಯಾಕಿಂಗ್ ಬದಲಿಸಿದ್ದೇ ನಿಮ್ಮಲ್ಲಾದ ತಪ್ಪೆಂದು ನನ್ನ ಊಹೆ.

ಕೊಳವೆಯಿಂದಲೇ ಆದರೆ, ಬಟ್ಟಲಿನಡಿಯ, ಪೆಟ್ರೋಲ್ ಬಸಿಯುವ ಡ್ರೈನ್ ಸ್ಕ್ರೂವಿನ ಬಾಯಿಗೆ ಪಾರದರ್ಶಕ ಪೈಪಿನ ತುಂಡೊಂದನ್ನು ಸಿಕ್ಕಿಸಿ, ಅದನ್ನು ಬಟ್ಟಲಿನ ಬದಿಗೆ ಮೇಲಕ್ಕೆ ಹಿಡಿದು ಸ್ಕ್ರೂ ಸಡಿಲಿಸಿರಿ. ಪೈಪಿನಲ್ಲಿ ಪೆಟ್ರೋಲ್ ಬಟ್ಟಲಿನ ಸಂದಿಗಿಂತ ತುಸು ಕೆಳಗೆ ನಿಂತರೆ ಮಟ್ಟ ಸರಿಯಿದೆ. ಹಾಗಿದ್ದೂ ಕೊಳವೆ ಸೋರಿದರೆ ಬಟ್ಟಲಿನೊಳಗಿನ ಹಿತ್ತಾಳೆಯ ಕೊಳವೆ ಬಿರುಕು ಬಿಟ್ಟಿರುತ್ತದೆ. ಮಟ್ಟ ಸಂದಿಯನ್ನೂ ದಾಟಿ ಏರುತ್ತಲೇ ಹೋದರೆ ಬಟ್ಟಲು ಬಿಚ್ಚಿ ನೀಡಲಿನ ರಬ್ಬರ್ ತುದಿಯಲ್ಲಿ ಉಂಗುರದಂತೆ ಗೆರೆ ಬಿದ್ದಿದೆಯೇ ಎಂದು ನೋಡಿರಿ. ಫ್ಲೋಟನ್ನು ಕಿವಿಯ ಬಳಿ ಅಲುಗಾಡಿಸಿದಾಗ ಒಳಗೆ ಪೆಟ್ರೋಲ್ ಕುಲುಕಿದರೆ ಅದು ತೂತಾಗಿದೆ. ನೀಡಲ್ ಕೂರುವ ಜಾಗವನ್ನು ಹತ್ತಿಯಿಂದ ಒರೆಸಿದರೆ ಸಾಕು, ಉಜ್ಜುಕಾಗದ ಮುಟ್ಟಿಸಬೇಡಿರಿ.

ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೂ ಎಥನಾಲ್ ಇರುತ್ತದೆ. ಅದು ನಮ್ಮ ಮಳೆಗಾಲದ ತೇವವನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರನ್ನು ಉಬ್ಬಿಸುತ್ತದೆ. ಟ್ಯಾಂಕ್ ತುಂಬಿಸಿ ಉಳಿಸಿದ ದುಡ್ಡು ಹೀಗೆ ಹೋಗುವುದುಂಟು.

ಪ್ರಶ್ನೆ ಕೇಳಿದವರು

ತಾವು ಹೇಳಿದಂತೆಯೇ ಮಾಡಿದೆ. ಸೋರುತ್ತಿದ್ದುದು ಕೊಳವೆಯಿಂದ, ನೀಡಲಿನ ತುದಿಯಲ್ಲಿ ಗೆರೆ ಉಗುರಿಗೆ ತಾಗುವಷ್ಟಿತ್ತು. ನೀಡಲ್ ಬದಲಿಸಿ ಎರಡು ರಾತ್ರಿ ಕೆಳಗೆ ಹಾಸಿದ ಕಾಗದ ಒಣಗಿಯೇ ಇದೆ. ಆದರೆ ಎಂಜಿನ್ ಆಯಿಲ್ ಮೊದಲಿಗಿಂತ ಹೆಚ್ಚಾದಂತೆ ಕಾಣುತ್ತಿದೆ.

ಉತ್ತರ (ಉಪ್ಪಳದಿಂದ)

ಹಾಗಾದರೆ ಸ್ಟಾರ್ಟ್ ಮಾಡಬೇಡಿರಿ. ಉಕ್ಕಿದ ಪೆಟ್ರೋಲಿನ ಒಂದಂಶ ಸಿಲಿಂಡರಿನ ಮೂಲಕ ಇಳಿದು ಆಯಿಲಿಗೆ ಸೇರಿರುತ್ತದೆ; ಅಳತೆ ಕಡ್ಡಿಯನ್ನು ಮೂಸಿದರೆ ವಾಸನೆ ಗೊತ್ತಾಗುತ್ತದೆ. ತೆಳುವಾದ ಆಯಿಲಿನಲ್ಲಿ ಓಡಿಸಿದರೆ ಬೇರಿಂಗ್ ಸವೆಯುತ್ತದೆ. ಪೂರ್ತಿ ಬಸಿದು ಹೊಸದು ಹಾಕಿ, ಸ್ಪಾರ್ಕ್ ಪ್ಲಗ್ ಬಿಚ್ಚಿಟ್ಟು ನಾಲ್ಕೈದು ಸಲ ಕಿಕ್ ಹೊಡೆದು ಸಿಲಿಂಡರಿನಲ್ಲಿ ಉಳಿದುದನ್ನು ಹೊರಹಾಕಿದ ಮೇಲೆಯೇ ಓಡಿಸಿರಿ. ಆ ಹೊತ್ತಿಗೆ ಪ್ಲಗ್ಗಿನ ವಯರಿನಿಂದ ಕಿಡಿ ಹಾರದಂತೆ ಇಗ್ನಿಷನ್ ಕೀಲಿ ತೆಗೆದಿಟ್ಟುಕೊಳ್ಳಿರಿ.