ಮುಂಬಯಿಯಲ್ಲಿ ಒಂದೇ ದಿನ ಸಿಕ್ಕರೆ ಊಟ ಎಲ್ಲಿ?

ಅಕ್ಕಲಕೋಟೆ ಮಾಸ್ತರ:
ಗಡಿನಾಡಿನ ಕನ್ನಡ ಬಾಂಧವರಿಗೆ ನಮಸ್ಕಾರ. ಮಗಳಿಗೆ ಮುಂಬಯಿಯಲ್ಲಿ ನೌಕರಿ ಸಿಕ್ಕಿದೆ. ಅವಳ ಸಾಮಾನು ಮುಟ್ಟಿಸಿ ಬರಲು ನಾನೂ ಮನೆಯವರೂ ಮುಂದಿನ ವಾರ ಸೊಲ್ಲಾಪುರದಿಂದ ಸಿದ್ಧೇಶ್ವರ ಎಕ್ಸ್‌ಪ್ರೆಸ್‌ನಲ್ಲಿ ಹೊರಟು ಬೆಳಿಗ್ಗೆ ದಾದರದಲ್ಲಿ ಇಳಿಯುವವರಿದ್ದೇವೆ, ಅದೇ ರಾತ್ರಿ ಹಿಂದಿರುಗಬೇಕು. ನಾವು ಶಾಕಾಹಾರಿಗಳು. ಬೆಳಗಿನ ನಾಷ್ಟಾ, ಮಧ್ಯಾಹ್ನದ ಊಟ, ಸಂಜೆಯ ಚಹಾ, ಈ ಮೂರು ಹೊತ್ತಿಗೆ ಎಲ್ಲಿಗೆ ಹೋಗಬೇಕು, ತಪ್ಪದೆ ತಿನ್ನಬೇಕಾದ್ದು ಯಾವುದು ಎಂದು ತಿಳಿದವರು ದಯವಿಟ್ಟು ತಿಳಿಸಬೇಕು.

ಮಂಜೇಶ್ವರದವಳು:
ಮಾಸ್ತರರೇ, ದಾದರದಿಂದ ಮಾಟುಂಗಾ ಮುಂದಿನದೇ ನಿಲ್ದಾಣವಾದ್ದರಿಂದ ನೀವು ಬೇರೆಲ್ಲೂ ಅಲೆಯಬೇಕಾಗಿಲ್ಲ. ಮದುವೆಯಾದ ಮೇಲೆ ಹನ್ನೊಂದು ವರ್ಷ ನಾನು ಅದೇ ಭಾಗದಲ್ಲಿ ಸಂಸಾರ ಮಾಡಿದ್ದೇನೆ. ನಾಷ್ಟಾಕ್ಕೆ ಕಿಂಗ್ಸ್ ಸರ್ಕಲ್ಲಿನ ಕೆಫೆ ಮದ್ರಾಸ್‌ಗೆ ಹೋಗಿ. ಹೆಸರು ಮದ್ರಾಸಿನದಾದರೂ ಅದು 1940ರಿಂದ ನಡೆದುಬಂದ, ಕಾಮತ್ ಮನೆತನದವರ ಹೋಟೆಲು. ಅಲ್ಲಿನ ರಸಂ ವಡೆಯನ್ನು ತಂದಿಟ್ಟ ಕೂಡಲೇ ತಿನ್ನಬಾರದು, ತಣ್ಣಗಾಗಲೂ ಬಿಡಬಾರದು. ಹೊರಮೈ ರಸಂ ಹೀರಿ ಮೆತ್ತಗಾಗಿ, ಒಳಗಿನ ಹಿಟ್ಟು ಇನ್ನೂ ಹಲ್ಲಿಗೆ ಸಿಕ್ಕುವಂತಿರುವ ಆ ಎರಡು ನಿಮಿಷದಲ್ಲಿ ಚಮಚ ಹಾಕಬೇಕು. ಮಧ್ಯಾಹ್ನಕ್ಕೆ ಮಾಟುಂಗಾ ನಿಲ್ದಾಣದ ಹತ್ತಿರ ಮಹಡಿಯ ಮೇಲಿರುವ, 1942ರಲ್ಲಿ ರಾಮ ನಾಯಕರು ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಲ್ಲಿ ಬಾಳೆಲೆಯ ಊಟ ಮಾಡಿ. ಸಂಜೆಗೆ 1939ರ ರಾಮಾಶ್ರಯದ ಅನಾನಸ್ ಶಿರಾ ಮತ್ತು ಕಾಫಿ. ಎಲೆಯ ಮುಂದೆ ಕುಳಿತಾಗ ಸಾಂಬಾರನ್ನು ಎರಡನೆಯ ಬಾರಿ ಹಾಕಿಸಿಕೊಳ್ಳದೆ ಮಾತ್ರ ಏಳಬೇಡಿ.

ಡೊಂಬಿವಲಿವಾಸಿ:
"ಸಾಂಬಾರನ್ನು ಎರಡನೆಯ ಬಾರಿ" ಎಂದು ಅಕ್ಕನವರು ಬರೆದಿರುವುದನ್ನು ಓದಿ ಸುಮ್ಮನಿರಲಾಗಲಿಲ್ಲ. ನಾನು ಮೂಲತಃ ದಕ್ಷಿಣ ಸೊಲ್ಲಾಪುರ ತಾಲೂಕಿನವನು, ಇಪ್ಪತ್ತಾರು ವರ್ಷಗಳಿಂದ ಮುಂಬಯಿಯ ಕಡೆ ಇದ್ದೇನೆ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಹಸಿಮೆಣಸಿನಕಾಯಿ ತಿಂದು ಬೆಳೆದ ನಮ್ಮ ನಾಲಿಗೆಗೆ ಈ ಊರಿನ ಉಡುಪಿ ಹೋಟೆಲುಗಳ ಸಾಂಬಾರು ಒಗ್ಗುವುದಿಲ್ಲ, ಏಕೆಂದರೆ ಅದು ಸಿಹಿ. ಒಂದು ಹೋಟೆಲಿನ ಹೆಸರು ಹಿಡಿದು ನಾನು ಹೇಳುತ್ತಿಲ್ಲ, ಒಟ್ಟು ಪದ್ಧತಿಯನ್ನು ಹೇಳುತ್ತಿದ್ದೇನೆ. ಗಿರಾಕಿಗಳಲ್ಲಿ ಗುಜರಾತಿ ಮತ್ತು ಕಚ್ಛೀ ಕುಟುಂಬಗಳು ಹೆಚ್ಚಾದಂತೆ ಅವರ ದಾಲಿನ ರುಚಿಗೆ ಸರಿಯಾಗಿ ಸಾಂಬಾರಿಗೆ ಸಿಹಿ ಸೇರಿತು. ಇದು ವ್ಯಾಪಾರಕ್ಕಾಗಿ ಮಾಡಿಕೊಂಡ ಬದಲಾವಣೆಯೇ ಹೊರತು ಉಡುಪಿಯ ರುಚಿಯಲ್ಲ.

ಮಂಜೇಶ್ವರದವಳು:
"ಉಡುಪಿಯ ರುಚಿಯಲ್ಲ" ಎಂಬ ಮಾತನ್ನು ನಾನು ಒಪ್ಪಲಾರೆ. ಉಡುಪಿಯಿಂದ ಕಾಸರಗೋಡಿನವರೆಗೆ ಯಾವ ಸಸ್ಯಾಹಾರಿ ಮನೆಯ ಅಡುಗೆ ಕೋಣೆಗಾದರೂ ಬಂದು ನೋಡಿ. ನನ್ನ ಅಮ್ಮ ಸೌತೆಕಾಯಿ ಹುಳಿ ಮಾಡುವಾಗ ಹೋಳು ಅರ್ಧ ಬೆಂದ ಕೂಡಲೇ ಉಪ್ಪು, ಹುಣಸೆಹುಳಿ, ನೆಲ್ಲಿಕಾಯಿ ಗಾತ್ರದ ಬೆಲ್ಲ ಈ ಮೂರನ್ನೂ ಒಟ್ಟಿಗೇ ಹಾಕಿ ಮುಚ್ಚಿಡುತ್ತಿದ್ದರು. ಕೊತ್ತಂಬರಿ, ಮೆಂತ್ಯ, ಒಣಮೆಣಸು ಹುರಿದು ತೆಂಗಿನಕಾಯಿಯೊಂದಿಗೆ ರುಬ್ಬಿದ ಅರಪ್ಪು ಬೀಳುವುದು ಅದರ ನಂತರ. ಆ ಬೆಲ್ಲ ಸಿಹಿಗಾಗಿ ಅಲ್ಲ, ಹುಣಸೆಯ ಒಗರನ್ನು ಮುರಿಯುವುದಕ್ಕಾಗಿ. ಮಠದ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇಲ್ಲ. ಅವಿಲ್ಲದ ಸಾರಿಗೆ ಮೈ ಬರುವುದು ತೆಂಗಿನಕಾಯಿ, ಇಂಗು ಮತ್ತು ಈ ಬೆಲ್ಲದಿಂದ. ಗುಜರಾತಿಗಳಿಗೂ ಇದಕ್ಕೂ ಏನು ಸಂಬಂಧ?

ಜತ್ತದ ರೈತ:
ಮಾಸ್ತರ ಸಾಹೇಬರೇ, ಮುಂಬಯಿಗೆ ಹೋಗಿ ಇಡ್ಲಿ, ಸಾಂಬಾರು ತಿನ್ನುವುದಾದರೆ ಮುಂಬಯಿಗೇ ಏಕೆ ಹೋಗಬೇಕು? ದಾದರದಲ್ಲಿ ಇಳಿಯುವವರು ಅಲ್ಲಿಯೇ ವಡಾಪಾವ್ ತಿನ್ನಬೇಕು. 1966ರಲ್ಲಿ ಅಶೋಕ ವೈದ್ಯ ಎಂಬವರು ಅದೇ ನಿಲ್ದಾಣದ ಹೊರಗೆ ಅದನ್ನು ಮೊದಲು ಮಾರಿದರೆಂದು ಪ್ರಸಿದ್ಧಿಯಿದೆ. ಗಿರಣಿ ಕಾರ್ಮಿಕರ ಹೊಟ್ಟೆ ತುಂಬಿಸಿದ ತಿಂಡಿ ಅದು. ಒಣ ಬೆಳ್ಳುಳ್ಳಿ ಚಟ್ನಿಯನ್ನು ಹೆಚ್ಚಾಗಿ ಹಾಕಿಸಿಕೊಳ್ಳಿ, ನಮ್ಮ ಕಡೆಯವರಿಗೆ ಹಿಡಿಸುತ್ತದೆ.

ಡೊಂಬಿವಲಿವಾಸಿ:
ಅಕ್ಕನವರೇ, "ನೆಲ್ಲಿಕಾಯಿ ಗಾತ್ರದ ಬೆಲ್ಲ" ಎಂದಿರಲ್ಲ, ನಾನು ಕಣ್ಣಾರೆ ಕಂಡದ್ದು ಬೆಲ್ಲವೇ ಅಲ್ಲ. ಘಾಟ್ಕೋಪರದ ಕಡೆಯ ಒಂದು ಹೋಟೆಲಿನ ಗಲ್ಲೆಯಲ್ಲಿ ನಾನು ನಾಲ್ಕು ವರ್ಷ ಕುಳಿತಿದ್ದೇನೆ. ಬೆಳಿಗ್ಗೆ ಎಂಟು ಗಂಟೆಗೆ ಸಾಂಬಾರಿನ ದೊಡ್ಡ ಪಾತ್ರೆ ಒಲೆಯಿಂದ ಇಳಿಯುವ ಹೊತ್ತಿಗೆ ಭಟ್ಟರು ಸಕ್ಕರೆಯ ಡಬ್ಬಿ ತೆರೆದು ಎರಡು ಹಿಡಿ ಸಕ್ಕರೆ ಸುರಿದು ಸೌಟಿನಿಂದ ತಿರುವುತ್ತಿದ್ದರು. ಏಕೆ ಎಂದು ಕೇಳಿದರೆ "ಗಿರಾಕಿಗಳು ಕೇಳುತ್ತಾರೆ" ಎನ್ನುತ್ತಿದ್ದರು. ಗಿರಾಕಿಗಳು ಯಾರು ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಮಂಜೇಶ್ವರದವಳು:
ಒಂದು ಅಡ್ಡ ಹೋಟೆಲಿನ ಸಕ್ಕರೆ ಡಬ್ಬಿಯನ್ನು ತೋರಿಸಿ ಇಡೀ ಮಾಟುಂಗಾವನ್ನು ಅಳೆಯುವುದು ನ್ಯಾಯವಲ್ಲ. ಇಳಿಸುವಾಗ ಸುರಿದ ಸಕ್ಕರೆ ಬೇರೆ, ಹುಳಿಯೊಂದಿಗೆ ಕುದಿದ ಬೆಲ್ಲ ಬೇರೆ. ಸಕ್ಕರೆ ನಾಲಿಗೆಯ ಮೇಲೆ ಪ್ರತ್ಯೇಕವಾಗಿ ನಿಲ್ಲುತ್ತದೆ, ಕುದಿದ ಬೆಲ್ಲ ಸಿಹಿಯೆಂದು ಗೊತ್ತಾಗುವುದೇ ಇಲ್ಲ. ನೀವು ಹೇಳುತ್ತಿರುವುದು ಸಾಂಬಾರಿನ ದೋಷವಲ್ಲ, ಆ ಭಟ್ಟರ ದೋಷ.

ಡೊಂಬಿವಲಿವಾಸಿ:
"ಗೊತ್ತಾಗುವುದೇ ಇಲ್ಲ" ಎಂದ ಮೇಲೆ ಹಾಕುವುದೇಕೆ? ಗೊತ್ತಾಗದ ವಸ್ತುವಿಗೆ ಇಷ್ಟು ವಾದವೇಕೆ?

ಇತಿಹಾಸ ವಿದ್ಯಾರ್ಥಿ, ಸೊಲ್ಲಾಪುರ:
ಎಲ್ಲರೂ ಉಡುಪಿ, ಗುಜರಾತು ಎನ್ನುತ್ತಿದ್ದೀರಿ. ದೋಸೆ, ಇಡ್ಲಿ, ವಡೆಗಳ ಹಳೆಯ ಲಿಖಿತ ದಾಖಲೆ ನಮ್ಮ ನೆರೆಯ ಕಲ್ಯಾಣದ್ದೂ, ಅಂದರೆ ಇಂದಿನ ಬಸವಕಲ್ಯಾಣದ್ದೂ ಇದೆ. 12ನೆಯ ಶತಮಾನದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ ಗ್ರಂಥದಲ್ಲಿ ಇಡ್ಡರಿಕಾ, ದೋಸಕ, ವಟಕಗಳು ಬರುತ್ತವೆ. ಆ ದೊರೆಯ ಆಳ್ವಿಕೆ ನಮ್ಮ ಸೊಲ್ಲಾಪುರದ ನೆಲದ ಮೇಲೂ ಇತ್ತು. ಆದ್ದರಿಂದ ಮಾಟುಂಗಾದ ದೋಸೆಯನ್ನು ಕರಾವಳಿಯವರದು ಎಂದು ನಾವು ದೂರ ತಳ್ಳಬೇಕಾಗಿಲ್ಲ, ಅದು ನಮ್ಮದೂ ಹೌದು.

ಪೆರ್ಲದ ಅಡುಗೆಯವನು:
ಆ ಇಡ್ಡರಿಕಾ ಉದ್ದಿನದ್ದು, ಅದರಲ್ಲಿ ಅಕ್ಕಿ ಇಲ್ಲ. ಅಕ್ಕಿ ಇಲ್ಲದೆ, ಹುಳಿ ಬರಿಸದೆ ಮಾಡಿದ್ದನ್ನು ಇಂದಿನ ಇಡ್ಲಿ ಎಂದು ಒಪ್ಪುವುದು ಹೇಗೆ? ಇನ್ನು ಬೆಲ್ಲದ ವಿಷಯ. ನಾನು ಮೂವತ್ತು ವರ್ಷಗಳಿಂದ ಮದುವೆ, ಉಪನಯನಗಳಿಗೆ ಅಡುಗೆ ಮಾಡುತ್ತಿದ್ದೇನೆ. ಕುಂಬಳಕಾಯಿಗೆ ಬೆಲ್ಲ ಕಡಿಮೆ ಹಾಕುತ್ತೇವೆ, ಏಕೆಂದರೆ ಅದಕ್ಕೆ ತನ್ನದೇ ಸಿಹಿ ಇದೆ. ನುಗ್ಗೆಕಾಯಿಗೆ ಬೇರೆ ಅಳತೆ, ಬದನೆಗೆ ಬೇರೆ ಅಳತೆ. ಅಳತೆ ಗೊತ್ತಿರುವವನ ಕೈಯಲ್ಲಿ ಸಾಂಬಾರು ಸಿಹಿಯಾಗುವುದಿಲ್ಲ. ಹೋಟೆಲಿನಲ್ಲಿ ಎಲ್ಲ ತರಕಾರಿಯನ್ನೂ ಒಂದೇ ಪಾತ್ರೆಗೆ ಹಾಕುವುದರಿಂದ ಆ ಅಳತೆ ತಪ್ಪುತ್ತದೆ.

ಡೊಂಬಿವಲಿವಾಸಿ:
"ಹೋಟೆಲಿನಲ್ಲಿ ಅಳತೆ ತಪ್ಪುತ್ತದೆ" ಎಂದು ಕರಾವಳಿಯ ಅಡುಗೆಯವರೇ ಬರೆದಿದ್ದಾರೆ. ನಾನು ಮೊದಲಿನಿಂದ ಹೇಳುತ್ತಿರುವುದೂ ಅದನ್ನೇ.

ಪೆರ್ಲದ ಅಡುಗೆಯವನು:
ನಾನು ಅದನ್ನು ಹೇಳಲಿಲ್ಲ. ತರಕಾರಿ ಬೆರಸುವುದರಿಂದ ಅಳತೆ ತಪ್ಪುತ್ತದೆ ಎಂದೆ, ಗುಜರಾತಿಗಳಿಂದ ತಪ್ಪುತ್ತದೆ ಎನ್ನಲಿಲ್ಲ. ನನ್ನ ಮಾತಿನ ಅರ್ಧವನ್ನು ಮಾತ್ರ ಎತ್ತಿಕೊಳ್ಳಬೇಡಿ.

ಮಂಜೇಶ್ವರದವಳು:
ಡೊಂಬಿವಲಿಯ ಅಣ್ಣನವರಿಗೆ ಒಂದು ಪ್ರಶ್ನೆ. ನಿಮ್ಮ ಮನೆಯಲ್ಲಿ ಬದನೆಕಾಯಿ ಎಣ್ಣೆಗಾಯಿ ಮಾಡುವಾಗ ಶೇಂಗಾ, ಎಳ್ಳು, ಹುಣಸೆಹುಳಿಯೊಂದಿಗೆ ಬೆಲ್ಲ ಹಾಕುತ್ತಾರೋ ಇಲ್ಲವೋ? ಹೋಳಿಗೆ ಮಾಡಿದ ದಿನ ಕಡಲೆಬೇಳೆ ಬಸಿದ ಕಟ್ಟಿಗೆ ಸ್ವಲ್ಪ ಹೂರಣ ಕದಡಿ ಕಟ್ಟಿನ ಸಾರು ಮಾಡುತ್ತಾರೋ ಇಲ್ಲವೋ? ಅದರಲ್ಲಿ ಇರುವುದು ಬೆಲ್ಲವಲ್ಲದೆ ಇನ್ನೇನು? ನಿಮ್ಮ ಸಾರಿನಲ್ಲಿ ಇದ್ದರೆ ರುಚಿ, ನಮ್ಮ ಸಾಂಬಾರಿನಲ್ಲಿ ಇದ್ದರೆ ವ್ಯಾಪಾರವೇ?

ಜತ್ತದ ರೈತ:
ಕಟ್ಟಿನ ಸಾರಿನ ಮಾತು ನಿಜ. ನಮ್ಮ ಮನೆಯಲ್ಲಿಯೂ ಹಾಗೆಯೇ ಮಾಡುತ್ತಾರೆ. ಆದರೆ ಮಾಸ್ತರರು ಕೇಳಿದ್ದು ಮುಂಬಯಿಯ ಬಗ್ಗೆ.

ಡೊಂಬಿವಲಿವಾಸಿ:
ಕಟ್ಟಿನ ಸಾರು ಹಬ್ಬದ ಅಡುಗೆ. ಹೋಳಿಗೆಯ ಊಟದಲ್ಲಿ ಸಿಹಿ ಇರುವುದು ಸಹಜ, ಅದರ ಖಾರವೂ ಅಷ್ಟೇ ಇರುತ್ತದೆ. ವರ್ಷಕ್ಕೆ ನಾಲ್ಕು ಸಲ ಮಾಡುವ ಸಾರನ್ನು ದಿನವೂ ಇಡ್ಲಿಗೆ ಸುರಿಯುವ ಸಾಂಬಾರಿಗೆ ಹೋಲಿಸುವುದು ಸರಿಯಲ್ಲ. ಅದಲ್ಲದೆ ನನ್ನ ತಾಯಿಯ ಅಡುಗೆಯನ್ನು ಈ ವಾದಕ್ಕೆ ಎಳೆತಂದದ್ದು ನನಗೆ ಹಿಡಿಸಲಿಲ್ಲ. ಇಷ್ಟು ವರ್ಷ ಈ ನಗರದಲ್ಲಿ ದುಡಿದವನಿಗೆ ಇಲ್ಲಿಯ ರುಚಿಯ ಬಗ್ಗೆ ಪಾಠ ಹೇಳುವ ಅಗತ್ಯವಿಲ್ಲ.

ಮಂಜೇಶ್ವರದವಳು:
"ಈ ನಗರದಲ್ಲಿ ದುಡಿದವನಿಗೆ" ಎಂದಿರಿ. ಈ ನಗರದಲ್ಲಿ ದುಡಿದವರ ಬಗ್ಗೆಯೇ ಹೇಳುತ್ತೇನೆ. ನನ್ನ ಮಾವನವರು ಹದಿಮೂರನೆಯ ವಯಸ್ಸಿಗೆ ಇಲ್ಲಿಗೆ ಬಂದು, ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿ ಮೆಟ್ರಿಕ್ ಪಾಸು ಮಾಡಿದವರು. ರುಬ್ಬುವ ಕಲ್ಲಿನ ಮುಂದೆ ಕುಳಿತು ಅವರ ಅಂಗೈಯಲ್ಲಿ ಎದ್ದಿದ್ದ ದಡ್ಡು ಕೊನೆಯವರೆಗೂ ಹೋಗಲಿಲ್ಲ. ಅಂಥ ಹುಡುಗರು ಊರಿನಿಂದ ತಂದ ಕೈರುಚಿಯನ್ನು ಯಾರದೋ ಓಲೈಕೆಗೆ ಮಾಡಿದ ಬದಲಾವಣೆ ಎಂದು ಕರೆದರೆ ನನಗೆ ನೋವಾಗುತ್ತದೆ. ತಾಯಿಯವರ ಅಡುಗೆಯನ್ನು ನಾನು ಹೊಗಳಿದೆನೇ ಹೊರತು ತೆಗಳಲಿಲ್ಲ.

ಡೊಂಬಿವಲಿವಾಸಿ:
ತಮ್ಮ ಮಾವನವರ ದುಡಿಮೆಯ ಬಗ್ಗೆ ನನಗೆ ಗೌರವವಿದೆ, ಆ ಪೀಳಿಗೆಯವರ ಜೊತೆಯಲ್ಲೇ ನಾನು ಕೆಲಸ ಮಾಡಿದವನು. ಆದರೆ ದುಡಿಮೆಗೆ ತೋರುವ ಗೌರವದಿಂದ ಸಾಂಬಾರು ಖಾರವಾಗುವುದಿಲ್ಲ. ಮಾಸ್ತರರೇ, ತಾವು ಹೋಗುವಾಗ ಮನೆಯ ಶೇಂಗಾ ಚಟ್ನಿಯ ಒಂದು ಡಬ್ಬಿ ಚೀಲದಲ್ಲಿ ಇಟ್ಟುಕೊಳ್ಳಿ. ನಾಷ್ಟಾಕ್ಕೆ ಕೆಫೆ ಮೈಸೂರಿನಲ್ಲಿ ಮೈಸೂರು ಮಸಾಲೆ ದೋಸೆ ತೆಗೆದುಕೊಳ್ಳಿ, ಒಳಗೆ ಕೆಂಪು ಚಟ್ನಿ ಸವರಿರುತ್ತಾರೆ, ಅಷ್ಟಾದರೂ ಖಾರ ಸಿಗುತ್ತದೆ.

ಮಂಜೇಶ್ವರದವಳು:
ಕೆಫೆ ಮೈಸೂರು ಕೂಡ ಅದೇ ರಾಮ ನಾಯಕರ ಮನೆತನದ್ದು, 1936ರದು. ಉಡುಪಿಯವರ ಹೋಟೆಲು ಬೇಡವೆನ್ನುತ್ತಲೇ ಅವರದೇ ಇನ್ನೊಂದು ಹೋಟೆಲಿಗೆ ಕಳಿಸುತ್ತಿದ್ದೀರಿ.

ಡೊಂಬಿವಲಿವಾಸಿ:
ಹೋಟೆಲು ಬೇಡವೆಂದು ನಾನು ಎಲ್ಲಿಯೂ ಬರೆದಿಲ್ಲ. ಮೇಲೆ ಓದಿ ನೋಡಿ. ಸಾಂಬಾರು ಸಿಹಿ ಎಂದಿದ್ದೇನೆ.

ಜತ್ತದ ರೈತ:
ವಡಾಪಾವ್ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಅದು ಬೇಡವಾದರೆ ದಾದರದಲ್ಲಿಯೇ ಆಸ್ವಾದದ ಮಿಸಳ್, ಶಿವಾಜಿ ಪಾರ್ಕಿನ ಬಳಿ ಪ್ರಕಾಶ ಉಪಾಹಾರ ಕೇಂದ್ರದ ಸಾಬೂದಾಣಾ ವಡೆ ಮತ್ತು ಪೀಯೂಷ್ ಎಂಬ ಸಿಹಿ ಪಾನೀಯ ಇವೆ. ಮಾಸ್ತರರ ಮನೆಯವರು ಉಪವಾಸ ಹಿಡಿಯುವವರಾದರೆ ಸಾಬೂದಾಣಾ ವಡೆ ಅನುಕೂಲ.

ಇತಿಹಾಸ ವಿದ್ಯಾರ್ಥಿ, ಸೊಲ್ಲಾಪುರ:
ಪೆರ್ಲದವರು ಇಡ್ಡರಿಕಾದ ಮಾತನ್ನು ಮಾತ್ರ ಹಿಡಿದುಕೊಂಡು ದೋಸಕವನ್ನು ಬಿಟ್ಟುಬಿಟ್ಟರು. ದೋಸೆಯ ಬಗ್ಗೆ ಅವರ ಉತ್ತರಕ್ಕಾಗಿ ಕಾಯುತ್ತಿದ್ದೇನೆ.

ಅಕ್ಕಲಕೋಟೆ ಮಾಸ್ತರ:
ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಹೋಗಿ ಇಂದು ಬೆಳಿಗ್ಗೆ ಮನೆ ಮುಟ್ಟಿದೆವು. ರಸಂ ವಡೆಯನ್ನು ಅಕ್ಕನವರು ಹೇಳಿದಂತೆ ಎರಡು ನಿಮಿಷ ಬಿಟ್ಟು ತಿಂದೆವು, ಇನ್ನೊಂದು ತಟ್ಟೆಯನ್ನೂ ತರಿಸಿದೆವು. ಮಧ್ಯಾಹ್ನ ಮಾಟುಂಗಾದಲ್ಲಿಯೇ ಸರದಿಗಾಗಿ ಬಹಳ ಹೊತ್ತು ಕಾದು ಎಲೆಯ ಊಟ ಮಾಡಿದೆವು. ಸಾಂಬಾರಿನ ಮೊದಲ ತುತ್ತಿಗೆ ಸಿಹಿ ನಾಲಿಗೆಯ ತುದಿಗೆ ತಾಗಿತು, ಅನ್ನದೊಂದಿಗೆ ಕಲಸಿದ ಮೇಲೆ ಹುಳಿ ಮತ್ತು ಇಂಗು ಮುಂದೆ ಬಂದವು. ಎರಡನೆಯ ಬಾರಿಯೂ ಹಾಕಿಸಿಕೊಂಡೆ. ಮನೆಯವರು ಚೀಲದಿಂದ ಶೇಂಗಾ ಚಟ್ನಿಯ ಡಬ್ಬಿ ತೆಗೆದು ಎಲೆಯ ಅಂಚಿನಲ್ಲಿ ಹಾಕಿಕೊಂಡರು, ಮಗಳಿಗೂ ಬಡಿಸಿದರು. ಉಳಿದ ಚಟ್ನಿಯನ್ನು ಅವಳಿಗೇ ಬಿಟ್ಟು ಬಂದೆವು.

ಡೊಂಬಿವಲಿವಾಸಿ:
ಸಿಹಿ ತಾಗಿತು ಎಂದು ಮಾಸ್ತರರು ತಾವೇ ಬರೆದಿದ್ದಾರೆ, ಚಟ್ನಿಯ ಡಬ್ಬಿಯೂ ಬೇಕಾಯಿತು.

ಮಂಜೇಶ್ವರದವಳು:
ಎರಡನೆಯ ಬಾರಿ ಹಾಕಿಸಿಕೊಂಡೆ ಎಂದೂ ಅವರೇ ಬರೆದಿದ್ದಾರೆ. ಮಾಸ್ತರರೇ, ಸಂಜೆಯ ಅನಾನಸ್ ಶಿರಾದ ಬಗ್ಗೆ ಏನೂ ತಿಳಿಸಲಿಲ್ಲವಲ್ಲ, ಸಿಕ್ಕಿತೇ?