ಮಗಳ ಮೊದಲ ಕಾರು: ದಾವಣಗೆರೆಯವರು ದಯವಿಟ್ಟು ಸಲಹೆ ಕೊಡಿ

ಎಲ್ಲರಿಗೂ ನಮಸ್ಕಾರ. ಮಗಳಿಗೆ 18 ತುಂಬಿತು, ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಬಂದಿದೆ. ಹರಿಹರಕ್ಕೆ ಓಡಾಡಲು ಸೆಕೆಂಡ್ ಹ್ಯಾಂಡ್ ಕಾರು ನೋಡುತ್ತಿದ್ದೇವೆ, ಬಜೆಟ್ 4 ಲಕ್ಷ.

ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ಬ್ರೇಕ್ ವ್ಯವಸ್ಥೆ) ಎಲ್ಲಾ ಹೊಸ ಕಾರುಗಳಿಗೂ ಕಡ್ಡಾಯವಾಗಿದ್ದು 2019ರ ಏಪ್ರಿಲ್‌ನಿಂದ. ಅದಕ್ಕಿಂತ ಹಳೆಯದು ನನಗೆ ಬೇಡ. ಹೆದ್ದಾರಿಯಲ್ಲಿ ಲಾರಿ ಜಾಸ್ತಿ, ಗಾಬರಿಯಲ್ಲಿ ಬ್ರೇಕ್ ಒತ್ತಿದರೆ ಚಕ್ರ ಲಾಕ್ ಆಗಬಾರದು ಅಲ್ವಾ? ಮುಂದೆ ಎರಡೂ ಕಡೆ ಏರ್‌ಬ್ಯಾಗ್ ಇರಲೇಬೇಕು. ಬಣ್ಣ, ಮ್ಯೂಸಿಕ್ ಸಿಸ್ಟಮ್ ಹೇಗಿದ್ದರೂ ಸರಿ.

ನೋಡಿದ ಒಂದು ಕಾರಿನ ಏರ್‌ಬ್ಯಾಗ್ ದೀಪ ಕೀ ಆನ್ ಮಾಡಿದಾಗ ಹತ್ತಲೇ ಇಲ್ಲ. ಹತ್ತಿ ಆರಬೇಕು ತಾನೇ? ಬಿಟ್ಟು ಬಂದೆ.

ಇಂಥದ್ದನ್ನೆಲ್ಲ ಸರಿಯಾಗಿ ಪರೀಕ್ಷಿಸುವ ನಂಬಿಕೆಯ ಮೆಕ್ಯಾನಿಕ್ ಊರಲ್ಲಿ ಯಾರಿದ್ದಾರೆ? ಕಲಿಯುವವರಿಗೆ ಗೇರ್ ಒಳ್ಳೆಯದೋ, ಆಟೋಮ್ಯಾಟಿಕ್ಕೋ? ಮಕ್ಕಳಿಗೆ ಕೊಡಿಸಿದವರು ಅನುಭವ ತಿಳಿಸಿ.