ಅಜ್ಜಿ ರೂಮಿಗೆ ಕೂಲರ್ ಬೇಡ: ಮನೆ ಗುಂಪಿನಲ್ಲಿ ನಡೆದ ಚರ್ಚೆ

ಭಾವ (ಕಲಬುರಗಿ): ಫಾರ್ವರ್ಡ್ ಆಗಿ ಬಂದದ್ದು 👇
ಎಸಿ ಕಂಪನಿಗಳು ಮುಚ್ಚಿಟ್ಟ ಗುಟ್ಟು!! ಕೂಲರ್ ಟ್ಯಾಂಕಿಗೆ ಒಂದು ಬಕೆಟ್ ಐಸ್ ಹಾಕಿ. ಕಿಟಕಿ ಬಾಗಿಲು ಪೂರ್ತಿ ಮುಚ್ಚಿ. 10 ನಿಮಿಷದಲ್ಲಿ ರೂಮು 18 ಡಿಗ್ರಿ! ಯಾವ ಊರಿನಲ್ಲಾದರೂ ನಡೆಯುತ್ತದೆ. ನಿಮ್ಮವರಿಗೆಲ್ಲ ಕಳಿಸಿ 🙏

ಭಾವ: ಸೆಕೆಗೆ ಅಜ್ಜಿಗೆ ನಿದ್ದೆ ಬರುವುದಿಲ್ಲ ಅಂತ ಚಿಕ್ಕಮ್ಮ ಹೇಳುತ್ತಿದ್ದರಲ್ಲ. ಎಲ್ಲರೂ ಸ್ವಲ್ಪ ಸ್ವಲ್ಪ ಹಾಕಿದರೆ ಒಳ್ಳೆ ಕೂಲರ್ ಬರುತ್ತದೆ. ನನ್ನದು 3,000.

ಅತ್ತೆ: ನನ್ನದು 2,000 👍

ತಮ್ಮ (ಬೆಂಗಳೂರು): ನಾನೂ ಇದ್ದೇನೆ.

ನಾನು: ದುಡ್ಡು ಹಾಕಲು ನಾನೂ ತಯಾರು. ಆದರೆ ಕೂಲರ್ ಬೇಡ ಭಾವ. ಉಡುಪಿಯ ಸೆಕೆಗೆ ಅದು ಹೇಳಿದ್ದಲ್ಲ. ಬಾಗಿಲು ಮುಚ್ಚಿ ಹಾಕಿದರಂತೂ ಅಜ್ಜಿಗೆ ಈಗಿರುವುದಕ್ಕಿಂತ ಕಷ್ಟ ಆಗುತ್ತದೆ.

ಭಾವ: ನಮ್ಮ ಮನೆಯಲ್ಲಿ ವರ್ಷಗಳಿಂದ ಕೂಲರೇ. ಹೊರಗೆ 40, 41. ಒಳಗೆ ಹಾಯಾಗಿ ಮಲಗುತ್ತೇವೆ. ಉಡುಪಿಯಲ್ಲಿ 33, 34 ಅಷ್ಟೆ. 41 ಇಳಿಸುವ ಯಂತ್ರಕ್ಕೆ 33 ಇಳಿಸಲು ಆಗುವುದಿಲ್ಲ ಅಂದರೆ ಯಾವ ಲೆಕ್ಕ ಅದು?

ಅಕ್ಕ: ಹೌದು, ಬೆಳಗಿನ ಜಾವ ನಮಗೆ ಹೊದಿಕೆ ಬೇಕಾಗುತ್ತದೆ.

ನಾನು: ನಿಮ್ಮ ಕೂಲರ್ ಬಗ್ಗೆ ನನಗೆ ಸಂಶಯವೇ ಇಲ್ಲ. ನಿಮ್ಮ ಮನೆಯಲ್ಲಿ ಮಲಗಿದ್ದೇನೆ, ಚೆನ್ನಾಗಿತ್ತು. ಆದರೆ ಕೂಲರ್‌ಗೆ ಮುಖ್ಯ ಆಗುವುದು ಗಾಳಿ ಎಷ್ಟು ಬಿಸಿ ಇದೆ ಅನ್ನುವುದಕ್ಕಿಂತ, ಅದರಲ್ಲಿ ಎಷ್ಟು ನೀರು ಆಗಲೇ ತುಂಬಿದೆ ಅನ್ನುವುದು.

ಕೂಲರ್‌ನಲ್ಲಿ ಕಂಪ್ರೆಸರ್ ಇಲ್ಲ. ಒದ್ದೆ ಪ್ಯಾಡಿನ ಮೂಲಕ ಗಾಳಿ ಎಳೆಯುತ್ತದೆ, ಅಷ್ಟೇ ಅದರ ಕೆಲಸ. 1 ಲೀಟರ್ ನೀರು ಆವಿಯಾಗಲು ಸುಮಾರು 2,400 ಕಿಲೋಜೂಲ್ ಶಾಖ ಬೇಕು. ನೀರು ಆ ಶಾಖವನ್ನು ಗಾಳಿಯಿಂದಲೇ ಎಳೆದುಕೊಳ್ಳುತ್ತದೆ, ಗಾಳಿ ತಣ್ಣಗಾಗುತ್ತದೆ. ನಿಮ್ಮೂರಿನ ಗಾಳಿ ಒಣ ಗಾಳಿ, ಕೊಟ್ಟಷ್ಟೂ ನೀರು ಕುಡಿಯುತ್ತದೆ. ಇಲ್ಲಿ ಸಮುದ್ರದ ಮೇಲಿಂದ ಬರುವ ಗಾಳಿ. ಹೊಟ್ಟೆ ತುಂಬಿಯೇ ಬರುತ್ತದೆ. ಮಡಕೆಯ ನೀರು ನಿಮ್ಮಲ್ಲಿ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಾಗುತ್ತದೆ, ಇಲ್ಲಿ ಬರೀ ಬಿಸಿ ಬಿಟ್ಟ ನೀರಿನ ಹಾಗೆ ಇರುತ್ತದೆ. ಮಡಕೆಯದೇನೂ ತಪ್ಪಿಲ್ಲ.

ಭಾವ: ಇದೆಲ್ಲ ಬಾಯಿ ಮಾತಾಯಿತು. ಎಷ್ಟು ಡಿಗ್ರಿ ಇಳಿಯುತ್ತದೆ ಹೇಳು.

ನಾನು: ಅಳೆದೇ ನೋಡೋಣ. ಚಿಕ್ಕಮ್ಮ, ಚಾವಡಿಯ ಗೋಡೆಯಲ್ಲಿ ಥರ್ಮಾಮೀಟರ್ ಉಂಟಲ್ಲ, ಕೆಳಗೆ ಕೆಂಪು ಗುಂಡು ಇರುವುದು? ಜ್ವರದ್ದು ಆಗುವುದಿಲ್ಲ, ಅದು ಅಷ್ಟು ಕೆಳಗೆ ತೋರಿಸುವುದಿಲ್ಲ. ಮೊದಲು ಹಾಗೇ ಓದಿ. ಆಮೇಲೆ ಆ ಗುಂಡಿಗೆ ತೆಳು ಹತ್ತಿ ಬಟ್ಟೆ ಸುತ್ತಿ. ಬಟ್ಟೆ ಒದ್ದೆ ಮಾಡಿ ಟೇಬಲ್ ಫ್ಯಾನ್ ಎದುರು ಹಿಡಿಯಿರಿ. ಇಳಿಯುತ್ತಾ ಹೋಗುತ್ತದೆ. ಎಲ್ಲಿ ನಿಲ್ಲುತ್ತದೋ ಅದನ್ನು ಬರೆಯಿರಿ. ಇಬ್ಬನಿ ಹಿಡಿದ ಫ್ರಿಜ್ ನೀರು ಬೇಡ, ಕೊಡದ ನೀರು ಸಾಕು. ಭಾವ, ನೀವೂ ಈಗಲೇ ಮಾಡಿ.

ಚಿಕ್ಕಮ್ಮ: ತಡಿ, ಊಟದ ಪಾತ್ರೆ ಎತ್ತಿಟ್ಟು ನೋಡುತ್ತೇನೆ.

ಚಿಕ್ಕಮ್ಮ: ಒಣಗಿದ್ದಾಗ 33. ಒದ್ದೆ ಬಟ್ಟೆಯಲ್ಲಿ 28ಕ್ಕೆ ಬಂದು ನಿಂತಿತು. ಮತ್ತೆ ಇಳಿಯಲೇ ಇಲ್ಲ.

ಭಾವ: ಇಲ್ಲಿ 39 ಇತ್ತು. ಒದ್ದೆಯಲ್ಲಿ 21. ಎರಡು ಸಲ ನೋಡಿದೆ.

ನಾನು: ಒದ್ದೆ ಬಟ್ಟೆ ಸುತ್ತಿದಾಗ ಸಿಕ್ಕಿದ್ದನ್ನು ನಮ್ಮ ಐಸ್ ಪ್ಲಾಂಟಿನಲ್ಲಿ ವೆಟ್ ಬಲ್ಬ್ ಅನ್ನುತ್ತೇವೆ. ಒದ್ದೆ ಪ್ಯಾಡಿನ ಮೂಲಕ ಗಾಳಿ ಎಳೆದು ತಣ್ಣಗೆ ಮಾಡುವ ಯಾವ ಯಂತ್ರವೂ ಅದರ ಕೆಳಗೆ ಹೋಗಲಾರದು. ಕೂಲರ್ ಎಷ್ಟು ದುಬಾರಿಯದಾದರೂ ಅಷ್ಟೆ. ಒಳ್ಳೆ ಪ್ಯಾಡ್ ಇರುವ ಕೂಲರ್ ಈ ಎರಡು ಅಂಕಿಗಳ ಅಂತರದಲ್ಲಿ ಮುಕ್ಕಾಲು ಪಾಲು ಇಳಿಸುತ್ತದೆ. ನಿಮ್ಮಲ್ಲಿ ಅಂತರ 18. ಹಾಗಾಗಿ 39ರ ಗಾಳಿ 25, 26ಕ್ಕೆ ಬರುತ್ತದೆ. ಅಕ್ಕ ಹೊದ್ದು ಮಲಗುವುದು ಅದಕ್ಕೇ. ಅಜ್ಜಿ ಮನೆಯಲ್ಲಿ ಅಂತರ ಬರೀ 5. ಎಷ್ಟು ತಿಣುಕಿದರೂ 29.

ಮಲ್ಪೆಯ ನಮ್ಮ ಪ್ಲಾಂಟಿನಲ್ಲಿ ದಿನಾ ನೋಡುವುದು ಇದನ್ನೇ. ಐಸ್ ಮಾಡುವ ಯಂತ್ರದ ಬಿಸಿ ಹೊರಗೆ ಹಾಕುವ ಭಾಗ ಅಮೋನಿಯಾ ಕಂಡೆನ್ಸರ್. ಅದನ್ನು ತಣಿಸುವ ನೀರನ್ನು ಕೂಲಿಂಗ್ ಟವರ್ ಮೇಲಿಂದ ಇಳಿಸುತ್ತೇವೆ. ಅದೂ ಒಂದು ದೊಡ್ಡ ಕೂಲರೇ. ಜನವರಿಯ ಬೆಳಿಗ್ಗೆ ಘಟ್ಟದ ಕಡೆಯಿಂದ ಒಣ ಗಾಳಿ ಬೀಸುವಾಗ ನೀರು ಚೆನ್ನಾಗಿ ತಣಿಯುತ್ತದೆ, ಹೆಡ್ ಪ್ರೆಶರ್, ಅಂದರೆ ಕಂಪ್ರೆಸರ್ ಎದುರಿಸುವ ಒತ್ತಡ, ಇಳಿಯುತ್ತದೆ, ಕಂಪ್ರೆಸರ್ ಸಲೀಸಾಗಿ ಓಡುತ್ತದೆ. ಮೇ ತಿಂಗಳಲ್ಲಿ ಅದೇ ಟವರ್, ಅದೇ ನೀರು, ಆದರೆ ಪ್ರೆಶರ್ ಮುಳ್ಳು ಮೇಲೆಯೇ ನಿಂತಿರುತ್ತದೆ. ಬೋಟುಗಳಿಗೆ ಐಸ್ ಜಾಸ್ತಿ ಬೇಕಾಗುವುದೂ ಆಗಲೇ.

ತಮ್ಮ: ಆದರೂ 33ಕ್ಕಿಂತ 29 ಒಳ್ಳೆಯದೇ ಅಲ್ವಾ? ನಾಲ್ಕು ಡಿಗ್ರಿ ಸುಮ್ನೆ ಬಿಡುವುದು ಯಾಕೆ?

ನಾನು: ಆ 29ರ ಗಾಳಿಯಲ್ಲಿ ತೇವಾಂಶ 90% ದಾಟಿರುತ್ತದೆ. ಅದೇ ತೊಂದರೆ. ನಮ್ಮ ಮೈ ತಣಿಯುವುದು ಬೆವರು ಆರಿದಾಗ. ಆ ಗಾಳಿಯಲ್ಲಿ ಬೆವರು ಸರಿಯಾಗಿ ಆರುವುದಿಲ್ಲ, ಹರಿಯುತ್ತದೆ. ಹಾಸಿಗೆ ಒದ್ದೆ, ಮೈ ಅಂಟು ಅಂಟು. ಆಟಿಯ ಮಳೆ ತಿಂಗಳಲ್ಲಿ ಬಟ್ಟೆ ಒಣಗದೆ ವಾಸನೆ ಬರುವುದು ನಿನಗೆ ಗೊತ್ತುಂಟಲ್ಲ, ಅಂಥ ಗಾಳಿಯನ್ನು ಏಪ್ರಿಲ್‌ನಲ್ಲಿ ನಾವೇ ಕೈಯಾರೆ ಮಾಡಿಕೊಂಡ ಹಾಗೆ.

ಫಾರ್ವರ್ಡಿನಲ್ಲಿರುವ "ಬಾಗಿಲು ಮುಚ್ಚಿ" ಅನ್ನುವ ಮಾತು ಕಲಬುರಗಿಗೂ ತಪ್ಪು. ಒದ್ದೆಯಾದ ಗಾಳಿ ಹೊರಗೆ ಹೋಗಲು ದಾರಿ ಬೇಕು. ಮುಚ್ಚಿದರೆ ಅದೇ ಗಾಳಿ ಮತ್ತೆ ಪ್ಯಾಡಿಗೆ ಬರುತ್ತದೆ. ಮೇಲಿಂದ ಸ್ಲ್ಯಾಬಿನ ಬಿಸಿ, ಮೋಟಾರಿನ ಬಿಸಿ, ಮಲಗಿದವರ ಮೈ ಬಿಸಿ ಸೇರುತ್ತಾ ಹೋಗುತ್ತದೆ. ವೆಟ್ ಬಲ್ಬ್ ನಿಧಾನಕ್ಕೆ ಏರುತ್ತದೆ. ಅದು 35ಕ್ಕೆ ಮುಟ್ಟಿದರೆ ಗಟ್ಟಿಮುಟ್ಟಾದವನ ಮೈಯೂ ಶಾಖ ಹೊರಗೆ ಹಾಕಲಾರದು. ವಯಸ್ಸಾದವರಿಗೆ ಅದಕ್ಕಿಂತ ತುಂಬ ಕೆಳಗೇ ಕಷ್ಟ ಶುರುವಾಗುತ್ತದೆ. ಅವರಿಗೆ ಬೆವರೂ ಕಡಿಮೆ, ಬಾಯಾರಿಕೆ ಗೊತ್ತಾಗುವುದೂ ಕಡಿಮೆ. ಅಜ್ಜಿಗೆ ದಮ್ಮು ಬೇರೆ ಉಂಟು. ರೂಮಿನಲ್ಲಿ ಬೂಷ್ಟು ಹಿಡಿದರೆ ಯಾರು ನೋಡುವುದು?

ಅತ್ತೆ: ಅಯ್ಯೋ, ಹಾಗಾದರೆ ಬೇಡಪ್ಪ.

ತಮ್ಮ: ಐಸ್ ಹಾಕಿದರೆ? ಅದು ಬರೀ ನೀರಲ್ಲವಲ್ಲ. ನಿನ್ನ ಪ್ಲಾಂಟಿನಿಂದಲೇ ತರಬಹುದು.

ನಾನು: ಐಸ್ ತಣ್ಣಗೆ ಮಾಡುವುದು ನಿಜ, ಅದರಲ್ಲಿ ಮೋಸ ಇಲ್ಲ. ಎಷ್ಟು ಹೊತ್ತು ಅನ್ನುವುದೇ ಪ್ರಶ್ನೆ. 1 ಟನ್ ಎಸಿ ಅಂದರೆ ದಿನಕ್ಕೆ ಒಂದು ಟನ್ ಐಸ್ ಕರಗಿದರೆ ಎಷ್ಟು ತಂಪೋ ಅಷ್ಟು. ಇಲ್ಲಿ ಟನ್ ಅಂದರೆ ಅಮೆರಿಕದ್ದು, 907 ಕೆಜಿ. ಗಂಟೆಗೆ ಸುಮಾರು 38 ಕೆಜಿ ಆಯಿತು. ಹಾಗಾದರೆ 10 ಕೆಜಿಯ ಬಕೆಟ್ ಕಾಲು ಗಂಟೆಯ ಎಸಿಗೆ ಸಮ. ಕರಗಿದ ತಣ್ಣೀರಿನದ್ದೂ ಸೇರಿಸಿದರೆ ಇನ್ನೊಂದು ಐದು ನಿಮಿಷ. ರಾತ್ರಿ 8 ಗಂಟೆಯಲ್ಲಿ ಎಸಿ ಅರ್ಧ ಹೊತ್ತು ಮಾತ್ರ ಓಡಿತು ಅಂದುಕೊಂಡರೂ 150 ಕೆಜಿ ಐಸ್ ಬೇಕು. ದಿನಾ ಯಾರು ಹೊರುವುದು?

ಮನೆಯ ಫ್ರಿಜ್ಜಿನಲ್ಲೇ ಐಸ್ ಮಾಡಿದರೆ ಲೆಕ್ಕ ಉಲ್ಟಾ. ನೀರಿನಿಂದ ತೆಗೆದ ಶಾಖವನ್ನು ಫ್ರಿಜ್ ತನ್ನ ಹಿಂದೆ, ಅದೇ ಮನೆಯೊಳಗೆ ಬಿಡುತ್ತದೆ. ಕಂಪ್ರೆಸರ್ ತಿಂದ ಕರೆಂಟೂ ಬಿಸಿಯಾಗಿ ಅಲ್ಲೇ ಬೀಳುತ್ತದೆ. ಅಜ್ಜಿ ರೂಮಿಗೆ ಕೊಟ್ಟ ತಂಪಿಗಿಂತ ಅಡುಗೆ ಕೋಣೆಗೆ ಸೇರಿದ ಬಿಸಿಯೇ ಜಾಸ್ತಿ.

ದೊಡ್ಡಪ್ಪ: ಈಗ ನೋಡಿದೆ ಮೆಸೇಜೆಲ್ಲ. ತೇವದ ವಿಷಯ ಅವನು ಹೇಳುವುದು ಸರಿ. ಮಣಿಪಾಲದಲ್ಲಿ ಪ್ರೆಸ್ಸಿನಲ್ಲಿರುವಾಗ ಮಳೆಗಾಲ ಬಂತೆಂದರೆ ನಮಗೆ ಇದೇ ತಲೆನೋವು. ಕಾಗದ ತೇವ ಹೀರಿ ಉಬ್ಬುತ್ತಿತ್ತು. ಬೆಳಿಗ್ಗೆ ಒಂದು ಬಣ್ಣ ಹೊಡೆದು ಮಧ್ಯಾಹ್ನ ಇನ್ನೊಂದು ಹೊಡೆದರೆ ಕೂಡುತ್ತಲೇ ಇರಲಿಲ್ಲ.

ನಾನು: ದೊಡ್ಡಪ್ಪ, ಎಸಿ ಹುಟ್ಟಿದ್ದೇ ಆ ತಲೆನೋವಿನಿಂದ! 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಒಂದು ಪ್ರೆಸ್ಸಿಗೆ ಇದೇ ತೊಂದರೆ ಇತ್ತು. ಬಣ್ಣದ ಮೇಲೆ ಬಣ್ಣ ಕೂಡುತ್ತಿರಲಿಲ್ಲ. ವಿಲ್ಲಿಸ್ ಕ್ಯಾರಿಯರ್ ಅನ್ನುವ ಎಂಜಿನಿಯರ್ ತಣ್ಣನೆಯ ಕಾಯಿಲ್ ಮೇಲೆ ಗಾಳಿ ಹಾಯಿಸಿ ಅದರ ನೀರನ್ನು ಇಳಿಸಿದ. ಜನರಿಗೆ ತಂಪು ಮಾಡುವುದು ಆಗ ಉದ್ದೇಶವೇ ಆಗಿರಲಿಲ್ಲ, ಕಾಗದ ಒಣಗಿರಬೇಕಿತ್ತು. ನಮ್ಮ ಕರಾವಳಿಗೆ ಬೇಕಾದದ್ದೂ ಅದೇ. ಎಸಿಯ ಪೈಪಿನಿಂದ ಬಕೆಟ್ ಬಕೆಟ್ ನೀರು ಬೀಳುತ್ತದಲ್ಲ, ಅದು ರೂಮಿನ ಗಾಳಿಯಲ್ಲೇ ಇದ್ದದ್ದು.

ದೊಡ್ಡಪ್ಪ: ಇದು ಗೊತ್ತಿರಲಿಲ್ಲ ನೋಡು. ಒಳ್ಳೆ ಮಾತು.

ಭಾವ: ಅಂದರೆ ಎಸಿಯೇ ಆಗಬೇಕು ಅಂತ ಹೇಳು. ಅದಕ್ಕೆ 35,000 ಎಲ್ಲಿಂದ ತರುವುದು?

ಅತ್ತೆ: ಎಸಿ ಅಮ್ಮನಿಗೆ ಆಗುವುದಿಲ್ಲ. ಮಂಡಿ ಹಿಡಿದುಕೊಳ್ಳುತ್ತದೆ.

ನಾನು: 18ಕ್ಕೆ ಇಟ್ಟರೆ ಹಿಡಿದುಕೊಳ್ಳುತ್ತದೆ ಅತ್ತೆ. 26, 27ಕ್ಕೆ ಇಟ್ಟು ಮೇಲಿನ ಫ್ಯಾನ್ ನಿಧಾನಕ್ಕೆ ಬಿಟ್ಟರೆ ಸಾಕು. ಗಾಳಿ ಒಣಗಿದರೆ 27ರಲ್ಲೂ ಹಾಯೆನಿಸುತ್ತದೆ. ಕಡಿಮೆ ಡಿಗ್ರಿ ಇಟ್ಟರೆ ಬೇಗ ತಣ್ಣಗಾಗುತ್ತದೆ ಅನ್ನುವುದೂ ಹೆಚ್ಚಿನ ಎಸಿಗಳಲ್ಲಿ ಸುಳ್ಳು ನಂಬಿಕೆ. ಬಿಲ್ ಮಾತ್ರ ಏರುತ್ತದೆ. 2020ರ ಜನವರಿಯಿಂದ ಸ್ಟಾರ್ ಗುರುತಿನ ಎಸಿಗಳು 24ರಲ್ಲೇ ಶುರುವಾಗಬೇಕು ಅಂತ ಸರ್ಕಾರದ ನಿಯಮವೇ ಉಂಟು.

ಆದರೆ ಭಾವ, ನಾನು ಎಸಿ ಹೇಳಲಿಲ್ಲ. ಎಸಿಗಿಂತ ಮೊದಲು ಆಗಬೇಕಾದ ಕೆಲಸ ಬೇರೆ ಉಂಟು. ಚಿಕ್ಕಮ್ಮ, ರಾತ್ರಿ ಊಟ ಆದ ಮೇಲೆ ಸ್ಟೂಲ್ ಇಟ್ಟು ಯಾರಾದರೂ ಅಜ್ಜಿ ರೂಮಿನ ಸೀಲಿಂಗಿಗೆ ಅಂಗೈ ಇಟ್ಟು ನೋಡಲಿ. ಆಮೇಲೆ ಅಡುಗೆ ಕೋಣೆಯ ಹಂಚಿನ ಮಾಡಿನ ಕೆಳಗೆ ಬಂದು ನಿಲ್ಲಲಿ.

ಚಿಕ್ಕಮ್ಮ: ಈಗ ರಾತ್ರಿ ಹತ್ತು. ಮಗ ಹತ್ತಿ ಮುಟ್ಟಿದ. ಸೀಲಿಂಗ್ ಬೆಚ್ಚಗೆ ಅಲ್ಲ, ಬಿಸಿಯೇ ಉಂಟು. ಇಸ್ತ್ರಿ ಮಾಡಿ ಮಡಚಿದ ಬಟ್ಟೆ ಮುಟ್ಟಿದ ಹಾಗೆ ಅಂದ. ಅಡುಗೆ ಕೋಣೆಯಲ್ಲಿ ಏನೂ ಇಲ್ಲ, ಆರಾಮ ಉಂಟು.

ನಾನು: ಅಜ್ಜಿಯ ನಿದ್ದೆ ಕೆಡಿಸುವುದು ಆ ಸ್ಲ್ಯಾಬು. ಏಪ್ರಿಲ್ 24, 25ರ ಸುಮಾರಿಗೆ ಇಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ. ಗೋಡೆಗಿಂತ ಟೆರೇಸಿಗೇ ಪೂರ್ತಿ ಏಟು. ಮೋಡ ಇಲ್ಲದಿದ್ದರೆ ಒಂದು ಚದರ ಮೀಟರಿಗೆ ಸಾವಿರ ವ್ಯಾಟ್ ಹತ್ತಿರ ಬೀಳುತ್ತದೆ. ಅಜ್ಜಿ ರೂಮು 12 ಅಡಿಗೆ 12 ಅಡಿ, ಅಂದರೆ ಮೇಲೆ 13 ಕಿಲೋವ್ಯಾಟ್! ಒಂದು ಪಾಲು ಹಿಂದಕ್ಕೆ ಹೋದರೂ ಉಳಿದದ್ದನ್ನು ಕಾಂಕ್ರೀಟು ಕುಡಿದು ಇಟ್ಟುಕೊಳ್ಳುತ್ತದೆ. ಆ ಬಿಸಿ ಸ್ಲ್ಯಾಬು ದಾಟಿ ಕೆಳಗೆ ಬರಲು ಕೆಲವು ಗಂಟೆ ಬೇಕು. ಸರಿಯಾಗಿ ಮಲಗುವ ಹೊತ್ತಿಗೆ ಬಂದು ಮುಟ್ಟುತ್ತದೆ. ಫ್ಯಾನ್ ಹಾಕಿದರೆ ಮೇಲಿನ ಆ ಬಿಸಿ ಗಾಳಿಯನ್ನೇ ಕೆಳಗೆ ತಳ್ಳುತ್ತದೆ. ಎಸಿ ಹಾಕಿದರೂ ಮೊದಲರ್ಧ ರಾತ್ರಿ ಅದು ಸ್ಲ್ಯಾಬಿನ ಜೊತೆಗೇ ಗುದ್ದಾಡಬೇಕು.

ಹಂಚು ಹಾಗಲ್ಲ. ಅದೂ ಮಧ್ಯಾಹ್ನ ಸುಡುತ್ತದೆ. ಆದರೆ ತೆಳು, ಬಿಸಿ ಹಿಡಿದಿಟ್ಟುಕೊಳ್ಳುವುದಿಲ್ಲ. ಸಂಜೆಯಾದರೆ ಆರಿತು. ಹಂಚಿನ ಸಂದಿಯಲ್ಲಿ ಬಿಸಿ ಗಾಳಿ ಮೇಲಕ್ಕೆ ಹೊರಟೇ ಹೋಗುತ್ತದೆ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಈ ಕರಾವಳಿಯ ಊರೂರಿಗೆ ಹಂಚು ಬಂದದ್ದು ಬರೀ ಚಂದಕ್ಕೆ ಅಲ್ಲ.

ದೊಡ್ಡಪ್ಪ: ಹಂಚು ತೆಗೆದು ಸ್ಲ್ಯಾಬ್ ಹಾಕುವಾಗ ಅಮ್ಮ ಬೇಡ ಅಂದಿದ್ದರು. ಹಂಚು ಬದಲಾಯಿಸುವ ಆಳು ಸಿಗುವುದಿಲ್ಲ ಅಂತ ನಾವೇ ಒತ್ತಾಯ ಮಾಡಿದ್ದು.

ತಮ್ಮ: ಬಿಳಿ ಪೇಂಟ್ ಹೊಡೆದರೆ ಸಾಕಲ್ಲ? ಇಲ್ಲಿ ಬೆಂಗಳೂರಿನಲ್ಲಿ ತುಂಬ ಜನ ಹೊಡೆಸುತ್ತಾರೆ.

ನಾನು: ಪೇಂಟ್ ಒಳ್ಳೆಯದೇ, ಮೊದಲ ಬೇಸಿಗೆಗೆ. ಇಲ್ಲಿಯ ಮಳೆಗೆ ಒಂದೇ ವರ್ಷದಲ್ಲಿ ಪಾಚಿ ಹಿಡಿದು ಕಪ್ಪಾಗುತ್ತದೆ. ಕಪ್ಪಾದ ಮೇಲೆ ಮೊದಲಿನ ಕಥೆಯೇ. ಪ್ರತಿ ವರ್ಷ ತಿಕ್ಕಿ ಹೊಡೆಸುವವರು ಯಾರು?

ನಾನು ಹೇಳುವುದು ಟೆರೇಸಿನ ಮೇಲೆ ತಗಡಿನ ಶೀಟಿನ ಚಾವಣಿ. ನಮ್ಮ ಕಡೆ ಮಳೆ ಸೋರುತ್ತದೆ ಅಂತ ಎಷ್ಟೋ ಮನೆಗಳ ಟೆರೇಸ್ ಮೇಲೆ ಹಾಕಿಸಿದ್ದಾರಲ್ಲ. ಬಿಸಿಲು ಶೀಟಿಗೆ ಬೀಳುತ್ತದೆ, ಸ್ಲ್ಯಾಬು ನೆರಳಿನಲ್ಲಿರುತ್ತದೆ. ನಡುವೆ ಗಾಳಿ ಹರಿದು ಶೀಟಿನ ಬಿಸಿಯನ್ನು ಒಯ್ಯುತ್ತದೆ. ಅದಾಗುವವರೆಗೆ ನಾಳೆಯಿಂದಲೇ ಟೆರೇಸಿನ ಮೇಲೆ ತೆಂಗಿನ ಮಡಲು ಹಾಸಿ. ಅಜ್ಜಿ ರೂಮಿನಲ್ಲಿ ಪೂರ್ವದ ಗೋಡೆಯ ಮೇಲ್ಭಾಗಕ್ಕೆ ಒಂದು ಎಕ್ಸಾಸ್ಟ್ ಫ್ಯಾನ್, ಪಶ್ಚಿಮದ ಕಿಟಕಿ ತೆರೆದಿಡುವುದು. ಇಷ್ಟು ಆದ ಮೇಲೂ ನಿದ್ದೆ ಬರದಿದ್ದರೆ ಎಸಿ ಯೋಚಿಸೋಣ. ಆಗ ಸಣ್ಣದೇ ಸಾಕಾಗುತ್ತದೆ.

ಭಾವ: ಥರ್ಮಾಮೀಟರ್ ನಾನೇ ಹಿಡಿದು ನೋಡಿದೆ, ಅದಕ್ಕೆ ಕೂಲರ್ ಮಾತು ಬಿಡುತ್ತೇನೆ. ಆದರೆ ತಗಡಿನ ಕೆಳಗೆ ಸೆಕೆ ಜಾಸ್ತಿ ಆಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಮ್ಮ ಗೋದಾಮಿನಲ್ಲಿ ನಿಲ್ಲಲು ಆಗುವುದಿಲ್ಲ.

ನಾನು: ಗೋದಾಮಿನಲ್ಲಿ ತಗಡಿನ ಅಡಿಗೇ ಜನ ನಿಲ್ಲುತ್ತಾರೆ ಭಾವ, ಸುತ್ತ ಗೋಡೆ. ಇಲ್ಲಿ ತಗಡಿನ ಅಡಿಗೆ ಗಾಳಿ, ಅದರ ಅಡಿಗೆ ಸ್ಲ್ಯಾಬು, ಆಮೇಲೆ ಅಜ್ಜಿ. ಬದಿಗಳನ್ನು ಮುಚ್ಚಿದರೆ ಮಾತ್ರ ನೀವು ಹೇಳಿದ ಹಾಗೇ ಆಗುತ್ತದೆ. ಬಟ್ಟೆ ಒಣಗಿಸಲು, ಅಡಿಕೆ ಹಾಕಲು ಅಂತ ಕೆಲವರು ಸುತ್ತ ಮುಚ್ಚುತ್ತಾರೆ, ಅದು ಬೇಡ.

ಭಾವ: ಸರಿ. ನನ್ನ 3,000 ಶೀಟಿಗೇ ಇರಲಿ. ಇನ್ನೂ 2,000 ಸೇರಿಸುತ್ತೇನೆ. ಮೇ ತಿಂಗಳಲ್ಲಿ ಬಂದಾಗ ಸೀಲಿಂಗಿಗೆ ಕೈ ಇಟ್ಟು ನೋಡುತ್ತೇನೆ.

ಚಿಕ್ಕಮ್ಮ: ಶೀಟಿನವರು ನಾಡಿದ್ದು ಅಳತೆಗೆ ಬರುತ್ತಾರಂತೆ. ಎಷ್ಟು ಎತ್ತರ ಅಂತ ಕೇಳಿದರು. ಎಂತ ಹೇಳಲಿ?

ನಾನು: ತಗ್ಗಿನ ಬದಿಯಲ್ಲೂ ಒಬ್ಬ ಆಳು ಬಗ್ಗದೆ ನಿಲ್ಲುವಷ್ಟು ಇರಲಿ. ನಾಲ್ಕೂ ಬದಿ ತೆರೆದೇ ಇರಬೇಕು. ಶೀಟ್ ತಿಳಿ ಬಣ್ಣದ್ದು. ಪಶ್ಚಿಮಕ್ಕೆ ಮೂರು ಅಡಿ ಹೊರಗೆ ಚಾಚಲಿ, ಸಂಜೆಯ ಬಿಸಿಲು ಅಜ್ಜಿ ರೂಮಿನ ಗೋಡೆಗೆ ಬೀಳುವುದು ಕಡಿಮೆಯಾಗುತ್ತದೆ. ಕಂಬದ ಬುಡದ ಬೋಲ್ಟು ಗಟ್ಟಿ ಇರಲಿ, ಜೂನ್ ಗಾಳಿ ನಿಮಗೆ ಗೊತ್ತುಂಟಲ್ಲ. ಅಳತೆ ದಿನ ನಾನೂ ಮಲ್ಪೆಯಿಂದ ಬರುತ್ತೇನೆ.